ಮುಚ್ಚಿದ ಶಾಲೆ ಜಾಗದಲ್ಲಿ ಅಪಾರ್ಟ್‌ಮೆಂಟ್ ಬೇಡ ಅನ್ನೋರು ಮೊದ್ಲು ಜಾಗದ ಕಾಗದ ಹುಡುಕ್ಬೇಕು

ಪ್ರಶ್ನೆ: ನಾವು ಕಾರವಾರದವರು. ನಮ್ಮ ಕೇರಿಯಲ್ಲಿ ಹಳೇ ಅನುದಾನಿತ ಕನ್ನಡ ಶಾಲೆ ಒಂದಿತ್ತು, ನಾನೂ ಅಲ್ಲೇ ಅಕ್ಕೋರಾಗಿ ರಿಟೈರ್ ಆದೆ. ಮಕ್ಕಳು ಕಡಿಮೆಯಾಗಿ ಕೆಲವು ವರ್ಷದ ಹಿಂದೆ ಶಾಲೆ ಮುಚ್ಚಿದ್ರು. ಮೈದಾನ ಸೇರಿ ಸುಮಾರು 50 ಗುಂಟೆ ಜಾಗ. ಈಗ ಶಾಲೆ ನಡೆಸ್ತಿದ್ದ ಸಂಸ್ಥೆಯವರು ಅದನ್ನ ವಸತಿ ಉಪಯೋಗಕ್ಕೆ ಬದಲಾಯಿಸಿ ಕೊಡಿ ಅಂತ ಅರ್ಜಿ ಹಾಕಿದ್ದಾರೆ, ಪೇಪರಲ್ಲಿ ಪ್ರಕಟಣೆ ಬಂದಿದೆ, ಬಿಲ್ಡರ್ ಜೊತೆ ಮಾತೂ ಆಗಿದೆಯಂತೆ. ರಸ್ತೆ ಚಿಕ್ಕದು, ಮಳೆಗಾಲದಲ್ಲಿ ನೀರು ನಿಲ್ಲತ್ತೆ, ಮಕ್ಕಳಿಗೆ ಆಡೋಕೆ ಬೇರೆ ಜಾಗ ಇಲ್ಲ. ನಾವು ಸಹಿ ಸಂಗ್ರಹ ಶುರು ಮಾಡಿದ್ದೀವಿ. ಆದ್ರೆ ನಮ್ಮವರೇ ಕೆಲವರು "ಅದು ಸಂಸ್ಥೆಯ ಜಾಗ, ಕೇಳೋಕೆ ನಿಮಗೆಂತ ಹಕ್ಕು" ಅಂತಾರೆ. ನಾವು ಏನು ಮಾಡ್ಬೇಕು?

ಉತ್ತರ: ಅಕ್ಕೋರೆ, ಉಳಿದಿದ್ದೆಲ್ಲ ಆಮೇಲೆ, ಮೊದ್ಲು ಆ ಪೇಪರ್ ಪ್ರಕಟಣೆ ಕೈಗೆ ತಗೊಂಡು ತಾರೀಕು ನೋಡಿ. ಆಕ್ಷೇಪಣೆ ಕೊಡೋಕೆ ಎಷ್ಟು ದಿನ ಅಂತ ಅದರಲ್ಲೇ ಬರ್ದಿರತ್ತೆ, ಬಹಳಷ್ಟು ಪ್ರಕಟಣೆಗಳಲ್ಲಿ 15 ದಿನ ಇರತ್ತೆ. ಆ ಗಡುವಿನೊಳಗೆ ನಿಮ್ಮ ಲಿಖಿತ ಆಕ್ಷೇಪಣೆ ನಗರಾಭಿವೃದ್ಧಿ ಪ್ರಾಧಿಕಾರದ ಟಪಾಲಲ್ಲಿ ಇರ್ಬೇಕು, ಒಂದು ಪ್ರತಿ ಮೇಲೆ ಸೀಲು ಸಹಿ ಹಾಕಿಸ್ಕೊಂಡು ನೀವು ಇಟ್ಕೊಳ್ಳಬೇಕು, ಜೊತೆಗೆ ಒಂದು ಪ್ರತಿ ಸ್ಪೀಡ್ ಪೋಸ್ಟಲ್ಲೂ ಕಳಿಸಿ. ಮಿನಿಸ್ಟರಿಗೆ ಮನವಿ ಕೊಟ್ವಿ, ಡಿಸಿ ಆಫೀಸ್ ಮುಂದೆ ಕೂತ್ವಿ, ಪೇಪರಲ್ಲಿ ಫೋಟೋ ಬಂತು, ಆದ್ರೆ ಪ್ರಾಧಿಕಾರದ ಫೈಲಲ್ಲಿ ಒಂದು ಕಾಗದವೂ ಇಲ್ಲ ಅಂತಾದ್ರೆ ನಾಳೆ ಆ ಫೈಲಲ್ಲಿ "ಯಾವುದೇ ಆಕ್ಷೇಪಣೆ ಸ್ವೀಕೃತವಾಗಿಲ್ಲ" ಅಂತ ಒಂದು ಸಾಲು ಸೇರತ್ತೆ. ಆ ಒಂದು ಸಾಲನ್ನ ಆಮೇಲೆ ಅಳಿಸೋದು ತುಂಬಾ ಕಷ್ಟ.

ಹಕ್ಕು ಎಂತ ಅಂತ ಕೇಳೋರಿಗೆ ಉತ್ತರ ಕಾಯ್ದೆಯಲ್ಲೇ ಇದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 14-ಎ ಪ್ರಕಾರ ಮಹಾಯೋಜನೆಯಲ್ಲಿ, ಅಂದ್ರೆ ಮಾಸ್ಟರ್ ಪ್ಲಾನಲ್ಲಿ ತೋರಿಸಿದ ಭೂ ಉಪಯೋಗವನ್ನ ಪ್ರಾಧಿಕಾರ ತಾನೇ ಬದಲಾಯಿಸೋ ಹಾಗಿಲ್ಲ, ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ಅದರ ಮೇಲೆ ಮೂರು ಷರತ್ತು. ಬದಲಾವಣೆ ಸಾರ್ವಜನಿಕ ಹಿತಾಸಕ್ತಿಯಲ್ಲಿ ಇರ್ಬೇಕು, ಬೇರೆ ಯಾವ ಕಾನೂನಿಗೂ ವಿರುದ್ಧ ಆಗಬಾರದು, ಮತ್ತೆ ಆ ಭಾಗದಲ್ಲಿ ಓಡಾಡೋ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೀಬೇಕು. ಅಕ್ಕಪಕ್ಕದ ಮನೆ ಮಾಲೀಕರ ಆಕ್ಷೇಪಣೆ ಅಂತ ಹೇಳಿಲ್ಲ, ಸಾರ್ವಜನಿಕರದ್ದು. ಹಾಗಾಗಿ ಬಾಡಿಗೆ ಮನೆಯಲ್ಲಿ ಇರೋರೂ ಬರೀಬಹುದು, ಆ ಶಾಲೆಯಲ್ಲಿ ಕಲಿತು ಈಗ ಬೇರೆ ಊರಲ್ಲಿ ಇರೋರೂ ಬರೀಬಹುದು. ಇದೇ ಕಲಮಿನಲ್ಲಿ ವಾಣಿಜ್ಯ ಅಥವಾ ಕೈಗಾರಿಕೆಯಿಂದ ವಸತಿಗೆ ಬದಲಾಯಿಸೋಕೆ, ಶುಲ್ಕ ಕಟ್ಟಿ ಮೊದ್ಲೇ ತಿಳಿಸಿದ್ರೆ ಅನುಮತಿ ಸಿಕ್ಕಿದ ಹಾಗೇ ಅಂತ ಒಂದು ಸಲೀಸು ದಾರಿ ಇದೆ, ಆದ್ರೆ ಅದು ಶಾಲೆ ಜಾಗಕ್ಕೆ ಬರಲ್ಲ, ಯಾಕಂದ್ರೆ ಶಾಲೆ ಜಾಗ ಸಾಮಾನ್ಯವಾಗಿ ಮಹಾಯೋಜನೆಯಲ್ಲಿ ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಅಂತ ಗುರುತಾಗಿರತ್ತೆ. ನಿಮ್ಮ ಸರ್ವೆ ನಂಬರಿಗೆ ನಕ್ಷೆಯಲ್ಲಿ ಯಾವ ಬಣ್ಣ ಇದೆ ಅನ್ನೋದನ್ನ ಪ್ರಾಧಿಕಾರದ ಆಫೀಸಲ್ಲಿ ಕೂತು ಕಣ್ಣಾರೆ ನೋಡಿ, ಯಾರೋ ಹೇಳಿದ್ರು ಅಂತ ನಂಬ್ಕೋಬೇಡಿ.

ಸುಪ್ರೀಂ ಕೋರ್ಟ್ 1991ರಲ್ಲಿ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಒಂದು ಕೇಸಲ್ಲಿ, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಅಂತ ಆ ತೀರ್ಪಿನ ಹೆಸರು, ಪಾರ್ಕಿಗೆ ಬಿಟ್ಟ ಜಾಗವನ್ನ ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದನ್ನ ರದ್ದು ಮಾಡಿದ್ದನ್ನ ಎತ್ತಿಹಿಡೀತು. ಅಲ್ಲಿ ಕೋರ್ಟಿಗೆ ಹೋದೋರು ಆ ಬಡಾವಣೆಯಲ್ಲಿ ವಾಸ ಇದ್ದ ಸಾಮಾನ್ಯ ಜನ, ಇವರಿಗೆ ಕೇಳೋ ಹಕ್ಕಿಲ್ಲ ಅನ್ನೋ ವಾದವನ್ನ ಕೋರ್ಟ್ ಒಪ್ಪಲಿಲ್ಲ. ಇದನ್ನ ನಿಮ್ಮ ಆಕ್ಷೇಪಣೆಯಲ್ಲಿ ಹಾಕಿ. ಆದ್ರೆ ಒಂದು ವ್ಯತ್ಯಾಸ ನೆನಪಿರಲಿ, ಅದು ಪ್ರಾಧಿಕಾರದ ಯೋಜನೆಯಲ್ಲೇ ಪಾರ್ಕ್ ಅಂತ ಬಿಟ್ಟ ಜಾಗ. ನಿಮ್ಮದು ಹಾಗೆ ಹೌದೋ ಅಲ್ವೋ ಅನ್ನೋದರ ಮೇಲೇ ಮುಂದಿನದೆಲ್ಲ ನಿಂತಿದೆ, ಮತ್ತೆ ನಾನು ಈ ಉತ್ತರದಲ್ಲಿ ಜೋರಾಗಿ ಹೇಳ್ಬೇಕು ಅಂತಿರೋದೂ ಅದೇ. ಆ 50 ಗುಂಟೆ ಶಾಲೆಗೆ ಹೇಗೆ ಬಂತು? ಸರ್ಕಾರ ಕೊಟ್ಟಿದ್ದಾ, ಊರಿನ ಯಾರಾದ್ರೂ ದಾನ ಕೊಟ್ಟಿದ್ದಾ, ಇಲ್ಲಾ ಸಂಸ್ಥೆ ದುಡ್ಡು ಕೊಟ್ಟು ಖರೀದಿ ಮಾಡಿದ್ದಾ? ಸಾವಿರ ಸಹಿಗಿಂತ ಈ ಒಂದು ಪ್ರಶ್ನೆಯ ಉತ್ತರಕ್ಕೆ ಬಲ ಜಾಸ್ತಿ.

ನಮ್ಮ ಜಿಲ್ಲೆಯಲ್ಲಿ ಇದನ್ನ ಹುಡುಕೋದಕ್ಕೆ ಸ್ವಲ್ಪ ತಾಳ್ಮೆ ಬೇಕು. 1862ರಿಂದ 1956ರ ತನಕ ನಾವು ಮುಂಬೈ ಕಡೆ ಇದ್ದೋರು, ಹಳೇ ಶಾಲೆಗಳ ಕಾಗದಗಳೆಲ್ಲ ಆ ಕಾಲದ್ದು. ಸರ್ಕಾರ ಜಾಗ ಕೊಟ್ಟಿದ್ರೆ ಸನದು, ಅಂದ್ರೆ ಮಂಜೂರಿ ಪತ್ರ ಇರತ್ತೆ, ಅದು ಇಂಗ್ಲಿಷಲ್ಲಿ ಇರಬಹುದು ಅಥವಾ ಮರಾಠಿ ಮೋಡಿ ಲಿಪಿಯಲ್ಲೂ ಇರಬಹುದು. ಶುರು ಮಾಡೋದು ಈಗಿನ ಉತಾರದಿಂದ. ಸಿಟಿ ಸರ್ವೆ ಆಗಿರೋ ಭಾಗ ಆದ್ರೆ ಪ್ರಾಪರ್ಟಿ ಕಾರ್ಡ್ ತೆಗೆಸಿ, ಇಲ್ಲಾಂದ್ರೆ ಪಹಣಿ ತೆಗೆಸಿ, ಅದರಲ್ಲಿ ಬರೋ ಮ್ಯುಟೇಶನ್, ಅಂದ್ರೆ ಹಕ್ಕು ಬದಲಾವಣೆ ನಂಬರ್ ಹಿಡ್ಕೊಂಡು ಒಂದೊಂದೇ ಹಿಂದಕ್ಕೆ ಹೋಗ್ಬೇಕು. ಕಂಪ್ಯೂಟರ್ ಪಹಣಿಯಲ್ಲಿ ಬರೀ ಸಂಸ್ಥೆ ಹೆಸರು ಮಾತ್ರ ಇದ್ದು, ಅದಕ್ಕೂ ಹಿಂದಿನ ಕೈಬರಹದ ಪಹಣಿಯ ಇತರೆ ಹಕ್ಕುಗಳ ಕಾಲಮಲ್ಲಿ "ಶಾಳೆಯ ಸಲುವಾಗಿ" ಅಂತ ಸಣ್ಣಕ್ಷರದಲ್ಲಿ ಒಂದು ಷರಾ ಕೂತಿರೋದು ಉಂಟು. ಕಂಪ್ಯೂಟರಿಗೆ ಹತ್ತಿಸುವಾಗ ಇಂಥ ಷರಾ ಬಿಟ್ಟುಹೋಗಿರಬಹುದು. ಹಾಗಾಗಿ ತಹಶೀಲ್ದಾರ್ ಆಫೀಸಿನ ರೆಕಾರ್ಡ್ ರೂಮಿಂದ ಕೈಬರಹದ್ದೇ ನಕಲು ಕೇಳಿ, ಸಾಧ್ಯ ಆದಷ್ಟು ಹಿಂದಿನ ವರ್ಷದ್ದು. ನೋಂದಣಿ ಇಲಾಖೆಯ ಕಾವೇರಿ ಸೈಟಲ್ಲಿ ಸಿಗೋ ಇಸಿ, ಅಂದ್ರೆ ಋಣಭಾರ ಪತ್ರದ ಮೇಲೆ ಪೂರ್ತಿ ಭರವಸೆ ಇಡಬೇಡಿ, ತುಂಬ ಹಳೇ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಿ ಇಂಡೆಕ್ಸ್ ನೋಡಿಸ್ಬೇಕು.

ಸಿಕ್ಕ ಉತ್ತರದ ಪ್ರಕಾರ ದಾರಿ ಬೇರೆ ಬೇರೆ. ಸರ್ಕಾರಿ ಜಾಗ ಶಾಲೆಗೆ ಅಂತ ಮಂಜೂರಾಗಿದ್ದು ಅಂದ್ರೆ ಮಂಜೂರಿ ಆದೇಶದ ಷರತ್ತು ಓದಿ. ಈಗಿನ ಭೂ ಮಂಜೂರಾತಿ ನಿಯಮಗಳು 1969ರವು, 1964ರ ಭೂ ಕಂದಾಯ ಕಾಯ್ದೆಗೂ ಮುಂಚಿನದಾದ್ರೆ ಮುಂಬೈ ಕಂದಾಯ ಕಾನೂನಿನ ಪ್ರಕಾರ ಆಗಿರತ್ತೆ, ಆದ್ರೆ ಸಂಸ್ಥೆಗಳಿಗೆ ಕೊಟ್ಟ ಜಾಗಕ್ಕೆ ಕೊಟ್ಟ ಉದ್ದೇಶಕ್ಕೇ ಬಳಸಬೇಕು, ಇಲ್ಲಾಂದ್ರೆ ಸರ್ಕಾರ ವಾಪಸ್ ತಗೋಬಹುದು ಅನ್ನೋ ಷರತ್ತು ಹಾಕೋದು ರೂಢಿ. ಅಂಥ ಷರತ್ತಿದ್ರೆ ಶಾಲೆ ಮುಚ್ಚಿದ ದಿನದಿಂದಲೇ ಸಂಸ್ಥೆಯ ಹಿಡಿತ ಸಡಿಲ ಆಗಿದೆ ಅಂತ ಅರ್ಥ, ಆಗ ನೀವು ಪ್ರಾಧಿಕಾರಕ್ಕೆ ಬರೆಯೋದಲ್ದೆ ಜಿಲ್ಲಾಧಿಕಾರಿಗೂ ಷರತ್ತು ಉಲ್ಲಂಘನೆ ಅಂತ ಪ್ರತ್ಯೇಕ ಅರ್ಜಿ ಕೊಡ್ಬೇಕು. ಜಾಗ ಸರ್ಕಾರದ ಹೆಸರಲ್ಲೇ ಇದ್ದು ಶಾಲೆಗೆ ಅಂತ ಕಾದಿರಿಸಿದ್ದಾದ್ರೆ ಭೂ ಕಂದಾಯ ಕಾಯ್ದೆ 1964ರ ಕಲಂ 71 ನೋಡಿ, ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ಜಾಗವನ್ನ ಡಿಸಿ ಮಂಜೂರಾತಿ ಇಲ್ದೆ ಬೇರೆದಕ್ಕೆ ಬಳಸೋ ಹಾಗಿಲ್ಲ.

ದಾನದ ಜಾಗ ಆದ್ರೆ ದಾನಪತ್ರ ಬೇಕು. ನಮ್ಮ ಕರಾವಳಿಯಲ್ಲಿ ಊರಿನ ಅನುಕೂಲಸ್ಥರು ಜಾಗ ಬಿಟ್ಟುಕೊಟ್ಟು, ಊರವರು ಕಲ್ಲು ಹೊತ್ತು, ಹೆಂಚು ಹಾಕಿಸಿ ಕಟ್ಟಿದ ಶಾಲೆಗಳು ಎಷ್ಟೋ ಇದಾವೆ. ಆ ಪತ್ರದಲ್ಲಿ ಮಕ್ಕಳ ವಿದ್ಯೆಗಾಗಿ ಅಂತ ಇದ್ಯಾ, ಶಾಲೆ ನಿಂತ್ರೆ ಜಾಗ ಏನಾಗ್ಬೇಕು ಅಂತ ಬರ್ದಿದ್ಯಾ ಅನ್ನೋದು ಮುಖ್ಯ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿನ ಆಸ್ತಿ ಅಂತ ತೋರಿಸೋಕಾದ್ರೆ ಸಿವಿಲ್ ಪ್ರೊಸೀಜರ್ ಕೋಡ್ ಕಲಂ 92ರಲ್ಲಿ ಅದರಲ್ಲಿ ಹಿತಾಸಕ್ತಿ ಇರೋ ಇಬ್ಬರು ಅಥವಾ ಹೆಚ್ಚು ಜನ ಕೋರ್ಟಿನ ಅನುಮತಿ ತಗೊಂಡು ದಾವೆ ಹಾಕಬಹುದು. ನೀವು ಅಲ್ಲೇ ಕಲಿಸಿದೋರು, ದಾನ ಕೊಟ್ಟ ಮನೆತನದೋರು ಇನ್ನೂ ಊರಲ್ಲಿದ್ರೆ ಅವರು, ಇಬ್ರೂ ಸೇರಿದ್ರೆ ಒಳ್ಳೇದು. ಇದಕ್ಕೆ ಮಾತ್ರ ವಕೀಲರು ಬೇಕೇ ಬೇಕು, ನಿಮ್ಮಷ್ಟಕ್ಕೆ ನೀವೇ ಮಾಡೋ ಕೆಲಸ ಅಲ್ಲ. ಸಂಸ್ಥೆ ಸೊಸೈಟಿಯಾಗಿ ನೋಂದಣಿ ಆಗಿದ್ರೆ ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿ ಹತ್ರ ಅದರ ಬೈಲಾ, ಈಗಿನ ಆಡಳಿತ ಮಂಡಳಿ ಪಟ್ಟಿ, ಮಾರೋಕೆ ಅಥವಾ ಡೆವಲಪ್‌ಮೆಂಟಿಗೆ ಕೊಡೋಕೆ ಸರ್ವಸಾಧಾರಣ ಸಭೆ ಠರಾವು ಮಾಡಿದ್ಯಾ, ಇವೆಲ್ಲ ಕೇಳಿ. ವರ್ಷಾನುಗಟ್ಲೆ ಚುನಾವಣೆನೂ ಇಲ್ದೆ ನಾಲ್ಕು ಜನ ಸಹಿ ಹಾಕಿ ಕೊಟ್ಟ ಅರ್ಜಿ ಅಂತ ಗೊತ್ತಾದ್ರೆ ಅದೇ ಒಂದು ಗಟ್ಟಿ ಆಕ್ಷೇಪಣೆ.

ಸಂಸ್ಥೆ ಖರೀದಿ ಮಾಡಿದ ಜಾಗ ಅಂತಾದ್ರೆ ನೇರವಾಗಿ ಹೇಳ್ತೀನಿ, ನಿಮ್ಮ ಕೇಸು ಮೆತ್ತಗಾಗತ್ತೆ, ಸಾಯಲ್ಲ. ಮಹಾಯೋಜನೆಯಲ್ಲಿ ಅರೆ ಸಾರ್ವಜನಿಕ ಅಂತ ಬಣ್ಣ ಹಾಕಿದ ಮಾತ್ರಕ್ಕೆ ಜಾಗ ಊರಿನದಾಗಲ್ಲ. ಅದೇ ಕಾಯ್ದೆಯ ಕಲಂ 69 ಏನು ಹೇಳತ್ತೆ ಅಂದ್ರೆ ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಖಾಸಗಿ ಜಾಗವನ್ನ ಪ್ರಾಧಿಕಾರ 5 ವರ್ಷದೊಳಗೆ ಒಪ್ಪಂದದ ಮೇಲೆ ಕೊಳ್ಳದೆ, ಸ್ವಾಧೀನ ಪ್ರಕ್ರಿಯೆನೂ ಶುರು ಮಾಡದೆ ಬಿಟ್ರೆ ಆ ಗುರುತು ಬಿದ್ದುಹೋಗತ್ತೆ. ಮಾಲೀಕರ ಕೈ ಕಟ್ಟಿ ಹಾಕಿ ದುಡ್ಡೂ ಕೊಡದೇ ಇರೋದು ನ್ಯಾಯ ಅಲ್ಲ ಅನ್ನೋದು ಅದರ ಹಿಂದಿನ ವಿಚಾರ, ನಾನೂ ಅದನ್ನ ಒಪ್ತೀನಿ. ಹಾಗಿದ್ರೂ 14-ಎ ಕೆಳಗೆ ಅರ್ಜಿ ಹಾಕಿದ್ಮೇಲೆ ಇದು ಸಾರ್ವಜನಿಕ ಹಿತ ಅಂತ ತೋರಿಸೋ ಹೊಣೆ ಅರ್ಜಿದಾರರದ್ದು ಮತ್ತೆ ಪ್ರಾಧಿಕಾರದ್ದು. ನೀವು ಹೊಡೀಬೇಕಾದ್ದು ಅಲ್ಲಿ.

ಆಫೀಸಲ್ಲಿ ಬಹಳ ಸಲ ಕೇಳಿಬರೋ ಒಂದು ಗೊಂದಲ ಇಲ್ಲೇ ಬಿಡಿಸ್ತೀನಿ. "ಅದಕ್ಕೆ ಎನ್‌ಎ ಆಗಿದೆ, ಬಿನ್‌ಶೇತ್ಕಿ ಜಾಗ, ಇನ್ನೆಂತ ಪರ್ಮಿಶನ್" ಅಂತಾರೆ. ಬಿನ್‌ಶೇತ್ಕಿ ಅಂದ್ರೆ ಕೃಷಿಯಿಂದ ಕೃಷಿಯೇತರಕ್ಕೆ ಭೂ ಪರಿವರ್ತನೆ, ಅದು ಕಂದಾಯ ಇಲಾಖೆಯದ್ದು, ಭೂ ಕಂದಾಯ ಕಾಯ್ದೆ ಕಲಂ 95. ಭೂ ಉಪಯೋಗ ಬದಲಾವಣೆ ಯೋಜನಾ ಕಾಯ್ದೆಯದ್ದು. ಒಂದು ಇದೆ ಅಂತ ಇನ್ನೊಂದು ಬಂದುಬಿಡಲ್ಲ.

ಈಗ ಆಕ್ಷೇಪಣೆಯಲ್ಲಿ ಏನು ಬರೀಬೇಕು ಅನ್ನೋದಕ್ಕೆ ಬರ್ತೀನಿ. ಒಂದೇ ಒಕ್ಕಣೆ ಝೆರಾಕ್ಸ್ ಮಾಡಿ ಮುನ್ನೂರು ಜನ ಸಹಿ ಹಾಕಿದ್ರೆ ಓದೋ ಅಧಿಕಾರಿಗೆ ಅದು ಒಂದೇ ಆಕ್ಷೇಪಣೆ. ಅದರ ಬದಲು ಹತ್ತು ಮನೆಯೋರು ತಮ್ಮ ತಮ್ಮ ಕಣ್ಣಿಗೆ ಕಂಡಿದ್ದನ್ನ ಬೇರೆ ಬೇರೆ ಬರೀಲಿ. ಗಟಾರದ ಬದಿ ಮನೆಯೋರು ಗಟಾರದ ಬಗ್ಗೆ, ಬಾವಿ ಇರೋರು ಬಾವಿ ಬಗ್ಗೆ, ಆಟೋ ಓಡಿಸೋರು ರಸ್ತೆ ಬಗ್ಗೆ. ತುಂಬಾ ತೊಂದರೆ ಆಗತ್ತೆ, ಶಾಂತಿ ಹಾಳಾಗತ್ತೆ ಅಂತ ಬರೆದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಅಳತೆ ಹಾಕಿ ಬರೀರಿ. ಉದಾಹರಣೆಗೆ ಹೀಗೆ: "ಸದರಿ ಜಾಗದ ಪಶ್ಚಿಮಕ್ಕಿರುವ ಗಟಾರದ ಅಗಲ ಎರಡೂವರೆ ಅಡಿ. ಸಮುದ್ರದ ಉಬ್ಬರದ ಹೊತ್ತಿಗೆ ಜೋರು ಮಳೆ ಬಂದಲ್ಲಿ ಗಟಾರದ ನೀರು ಹೊರಗೆ ಹೋಗದೆ ಹಿಂದಕ್ಕೆ ಬಂದು ಮೊದಲು ಶಾಲೆಯ ಮೈದಾನದಲ್ಲಿ ನಿಲ್ಲುತ್ತದೆ, ನಂತರ ಇಳಿಯುತ್ತದೆ. ಮೈದಾನವನ್ನು ಮಣ್ಣು ಹಾಕಿ ಎತ್ತರಿಸಿದಲ್ಲಿ ಅದೇ ನೀರು ನಮ್ಮ ಅಂಗಳಕ್ಕೆ ಬರುತ್ತದೆ. ದಿನಾಂಕ ಮತ್ತು ವೇಳೆ ಇರುವ ಫೋಟೋ ಲಗತ್ತಿಸಿದೆ." ಅಳತೆ ನಿಮ್ಮ ಗಟಾರದ್ದೇ ಇರಲಿ, ಟೇಪ್ ಹಿಡ್ದು ನೋಡಿ. ಕಾರವಾರದಂಥ ಊರಿಗೆ ಇದು ಸಣ್ಣ ಮಾತಲ್ಲ, ಒಂದು ಬದಿ ಗುಡ್ಡ ಒಂದು ಬದಿ ಸಮುದ್ರ, ಗುಡ್ಡದಿಂದ ಇಳಿಯೋ ನೀರಿಗೆ ನಡುವೆ ತಂಗೋಕೆ ಉಳಿದಿರೋದೇ ಇಂಥ ಖಾಲಿ ನೆಲ.

ಹಾಗೇ ಲೆಕ್ಕ ಹಾಕಿ ತೋರಿಸಿ. ಗುಂಟೆಗೆ 1,089 ಚದರ ಅಡಿ, 50 ಗುಂಟೆಗೆ 54,450. ಎಫ್‌ಎಆರ್ ಒಂದೂವರೆ, ಅಂದ್ರೆ ಜಾಗದ ವಿಸ್ತೀರ್ಣದ ಒಂದೂವರೆ ಪಟ್ಟು ಕಟ್ಟೋ ಅವಕಾಶ, ಸಿಕ್ತು ಅಂತ ಇಟ್ಕೊಳ್ಳಿ, ಸುಮಾರು 81,700 ಚದರ ಅಡಿ ಕಟ್ಟಬಹುದು, ಒಂದು ಫ್ಲಾಟಿಗೆ ಸಾವಿರ ಅಡಿ ಹಿಡಿದ್ರೆ 80 ಮನೆ. ಮನೆಗೆ ನಾಲ್ಕು ಜನ ಅಂದ್ರೆ 320 ಜನ. ಒಳಚರಂಡಿ ಇರೋ ಊರಿಗೆ ತಲಾ ದಿನಕ್ಕೆ 135 ಲೀಟರ್ ನೀರು ಅನ್ನೋದು ಮಾನದಂಡ, ಆ ಲೆಕ್ಕದಲ್ಲಿ ದಿನಕ್ಕೆ 43,200 ಲೀಟರ್. ಇಷ್ಟು ನೀರು ಗಂಗಾವಳಿಯಿಂದ ಬರೋ ನಲ್ಲಿಯಲ್ಲಿ ಕೊಡ್ತೀರಾ, ಇಲ್ಲಾ ಬೋರ್ ಹೊಡೀತಾರಾ? ಬೋರ್ ಹೊಡೆದು ಜಗ್ಗಿದ್ರೆ ಸಮುದ್ರದ ಹತ್ತಿರದ ಬಾವಿಗಳಿಗೆ ಉಪ್ಪು ನೀರು ಬರೋ ಅಪಾಯ ಇದೆ, ಅದಕ್ಕೆ ಯಾರು ಜವಾಬ್ದಾರಿ? ಬಳಸಿದ ನೀರು ಯಾವ ಪೈಪಿಗೆ ಹೋಗತ್ತೆ? ಎಪ್ರಿಲ್ ಮೇ ತಿಂಗಳಲ್ಲಿ ನಿಮ್ಮ ಬಾವಿ ನೀರನ್ನ ಲ್ಯಾಬಲ್ಲಿ ಟೆಸ್ಟ್ ಮಾಡಿಸಿದ ರಿಪೋರ್ಟ್ ಇದ್ರೆ ಜೊತೆಗೆ ಹಾಕಿ. ರಸ್ತೆಯ ಅಗಲವನ್ನ ಮೂರ್ನಾಲ್ಕು ಕಡೆ ಅಳೆದು ಬರೀರಿ, ಯಾಕಂದ್ರೆ ಎಷ್ಟು ಎತ್ತರ ಎಷ್ಟು ಎಫ್‌ಎಆರ್ ಅನ್ನೋದು ಮುಂದಿನ ರಸ್ತೆ ಅಗಲದ ಮೇಲೇ ನಿಂತಿರತ್ತೆ, ನಕ್ಷೆಯಲ್ಲಿ ಒಂಬತ್ತು ಮೀಟರ್ ಅಂತ ಬರ್ಕೊಂಡು ಸ್ಥಳದಲ್ಲಿ ಆರೂ ಇಲ್ಲ ಅಂದ್ರೆ ಅದನ್ನ ಫೋಟೋ ಸಮೇತ ತೋರಿಸೋದು ನಿಮ್ಮ ಕೆಲಸ. ಬೆಂಕಿ ಆರಿಸೋ ಗಾಡಿ ತಿರುಗೋಕೆ ಜಾಗ ಇದ್ಯಾ ಅನ್ನೋದನ್ನೂ ಸೇರಿಸಿ.

ಇನ್ನೊಂದು ಸಂಗತಿ ಬಹಳ ಜನ ಬರೆಯೋಕೇ ಮರೀತಾರೆ. ನಮ್ಮ ಜಿಲ್ಲೆಯಲ್ಲಿ ನೆರೆ ಬಂದ್ರೆ, ಗುಡ್ಡ ಕುಸಿದ್ರೆ ಜನರನ್ನ ತಂದು ಇಡೋದು ಶಾಲೆಗಳಲ್ಲೇ. 2009ರ ಅಕ್ಟೋಬರಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದಿದ್ದು, 2019ರ ಆಗಸ್ಟಲ್ಲಿ ಕಾಳಿ ನದಿ ಉಕ್ಕಿದ್ದು, 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದಿದ್ದು, ಇಷ್ಟೆಲ್ಲ ಕಂಡ ಮೇಲೂ ಊರೊಳಗೆ ಕಾಳಜಿ ಕೇಂದ್ರ ಮಾಡೋಕೆ ಆಗುವಂಥ ಒಂದು ಕಟ್ಟಡ, ಅದರ ಮುಂದೆ ಬಯಲು, ಅದನ್ನ ಕಳ್ಕೊಂಡ್ರೆ ಮತ್ತೆ ಎಲ್ಲಿಂದ ತರೋದು? ನಿಮ್ಮ ಶಾಲೆ ಹಿಂದೆ ಯಾವತ್ತಾದ್ರೂ ಕಾಳಜಿ ಕೇಂದ್ರ ಆಗಿತ್ತಾ, ಮತಗಟ್ಟೆ ಆಗಿತ್ತಾ, ಲಸಿಕೆ ಹಾಕೋ ಜಾಗ ಆಗಿತ್ತಾ ಅಂತ ತಹಶೀಲ್ದಾರ್ ಆಫೀಸಿಂದ ದಾಖಲೆ ತೆಗೆಸಿ. ಶಾಲೆ ಮುಚ್ಚಿದ್ರೂ ಕಟ್ಟಡ ಊರಿಗೆ ಬೇಕು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ, ಮತ್ತೆ ಇದು ಸರ್ಕಾರದ್ದೇ ಕಾಗದ.

ಕೋಡಿಬಾಗ, ಸುಂಕೇರಿ, ನಂದನಗದ್ದಾ ಈ ಥರ ಕಾಳಿ ನದಿ ಹತ್ತಿರದ ಭಾಗ ಆದ್ರೆ, ಅಥವಾ ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರ್ ಒಳಗೆ ಬರೋ ಜಾಗ ಆದ್ರೆ ಕರಾವಳಿ ನಿಯಂತ್ರಣ ವಲಯ, ಅಂದ್ರೆ ಸಿಆರ್‌ಝಡ್ ಬರತ್ತೆ. 2019ರ ಅಧಿಸೂಚನೆ ಪ್ರಕಾರ ಉಬ್ಬರ ಇಳಿತ ಇರೋ ನದಿ, ಹಳ್ಳದ ಬದಿಗೆ 50 ಮೀಟರ್ ಅಥವಾ ಆ ಹಳ್ಳದ ಅಗಲ, ಯಾವುದು ಕಡಿಮೆಯೋ ಅಷ್ಟು. ಊರೊಳಗಿನ ಭಾಗ ಸಿಆರ್‌ಝಡ್-2 ಅಂತ ಇದ್ರೆ ಈಗಾಗ್ಲೇ ಇರೋ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಸಾಲಿನ ಭೂಮಿ ಕಡೆಗೆ ಮಾತ್ರ ಕಟ್ಟಬಹುದು. ಕಾರವಾರದಲ್ಲೇ ಪ್ರಾದೇಶಿಕ ನಿರ್ದೇಶಕರು, ಪರಿಸರ, ಅವರ ಆಫೀಸಿದೆ, ಅಲ್ಲಿ ನಿಮ್ಮ ಸರ್ವೆ ನಂಬರ್ ಕೊಟ್ಟು ನಕ್ಷೆಯಲ್ಲಿ ಎಲ್ಲಿ ಬೀಳತ್ತೆ ಕೇಳಿ. ಬರಲ್ಲ ಅಂದ್ರೆ ಆ ವಿಷಯ ಅಲ್ಲಿಗೇ ಬಿಡಿ, ಆಕ್ಷೇಪಣೆಯಲ್ಲಿ ತುರುಕಬೇಡಿ, ಒಂದು ಸುಳ್ಳು ಪಾಯಿಂಟ್ ಉಳಿದ ಒಂಬತ್ತು ಸತ್ಯ ಪಾಯಿಂಟನ್ನೂ ಕೆಡಿಸತ್ತೆ. ಪರಿಸರ ಅನುಮತಿ ಅಂದ್ರೆ ಇಐಎ ಕೂಡ ಹಾಗೇ, ಅದು 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ, ನಿಮ್ಮದು ಅಷ್ಟು ದೊಡ್ಡದಲ್ಲ.

ಬರೀಬಾರದ್ದು ಏನು ಅಂತಾನೂ ಹೇಳ್ಬೇಕು, ಇದು ಸ್ವಲ್ಪ ಖಾರ ಅನ್ನಿಸಬಹುದು. ಫ್ಲಾಟ್ ಬಂದ್ರೆ ಹೊರಗಿನೋರು ಬರ್ತಾರೆ, ಎಂಥೆಂಥೋರೋ ಬರ್ತಾರೆ, ನಮ್ಮ ಮನೆ ಬೆಲೆ ಬೀಳತ್ತೆ, ಈ ಮಾತುಗಳನ್ನ ಕಾಗದದಲ್ಲೂ ಹಾಕಬೇಡಿ ಸಭೆಯಲ್ಲೂ ಆಡಬೇಡಿ. ಅದರಲ್ಲಿ ಸಾರ್ವಜನಿಕ ಹಿತ ಇಲ್ಲ, ಮತ್ತೆ ಅದು ಸರಿಯೂ ಅಲ್ಲ. ಕಾರವಾರದಲ್ಲಿ ಮನೆ ಬೇಕಾದೋರು ಇದ್ದಾರೆ. ಜಿಲ್ಲೆಯ ಸುಮಾರು 80 ಪರ್ಸೆಂಟ್ ಅರಣ್ಯ, ಊರಿನ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆಗೆ ಅಂತ ಊರೂರೇ ಎದ್ದು ಹೋದ ಜಾಗ, ಇನ್ನೊಂದು ಬದಿ ಸಮುದ್ರ, ಉಳಿದಿದ್ದರಲ್ಲೇ ಎಲ್ಲರೂ ಇರ್ಬೇಕು. ಬಂದರಲ್ಲಿ ದುಡಿಯೋರು, ಆಸ್ಪತ್ರೆಯ ನರ್ಸ್‌ಗಳು, ವರ್ಗ ಆಗಿ ಬಂದ ಮಾಸ್ತರುಗಳು ಬಾಡಿಗೆ ಮನೆ ಸಿಗದೇ ಒದ್ದಾಡೋದು ನಿಮಗೂ ಗೊತ್ತು. ಮನೆ ಬೇಡ ಅನ್ನೋದು ನಿಮ್ಮ ವಾದ ಆಗಬಾರದು. ಊರಿಗೆ ಅಂತ ಬಂದ ಜಾಗ ಊರಿಗೆ ಏನೂ ಉಳಿಸದೆ ಪೂರ್ತಿ ಮಾರಾಟ ಆಗಬಾರದು ಅನ್ನೋದು ನಿಮ್ಮ ವಾದ ಆಗ್ಲಿ.

ಅದಕ್ಕೇ ಆಕ್ಷೇಪಣೆ ಜೊತೆಗೆ ನಿಮ್ಮದೇ ಒಂದು ಪ್ರಸ್ತಾವನೆ ಇಡಿ. ಬರೀ ಬೇಡ ಅನ್ನೋ ಕಾಗದಕ್ಕೂ ಬೇಡ, ಬದಲಿಗೆ ಇದು ಮಾಡಿ ಅನ್ನೋ ಕಾಗದಕ್ಕೂ ಆಫೀಸಲ್ಲಿ ಸಿಗೋ ಮರ್ಯಾದೆ ಬೇರೆ. ಜಾಗ ಸರ್ಕಾರದ್ದೋ ದಾನದ್ದೋ ಆದ್ರೆ ಅಂಗನವಾಡಿ, ಲೈಬ್ರರಿ, 'ನಮ್ಮ ಕ್ಲಿನಿಕ್' ಅನ್ನೋ ಸರ್ಕಾರಿ ಚಿಕಿತ್ಸಾಲಯ, ಮೈದಾನ, ಮಳೆಗಾಲಕ್ಕೆ ಕಾಳಜಿ ಕೇಂದ್ರ, ಇದರಲ್ಲಿ ನಿಮ್ಮ ವಾರ್ಡಿಗೆ ನಿಜವಾಗ್ಲೂ ಬೇಕಾಗಿರೋದು ಯಾವುದು ನೋಡಿ, ಈಗ ಬಾಡಿಗೆ ಕಟ್ಟಡದಲ್ಲಿ ನಡೀತಿರೋ ಸರ್ಕಾರಿ ಸೌಲಭ್ಯ ಯಾವುದಾದ್ರೂ ಇದ್ರೆ ಅದರ ಹೆಸರು, ತಿಂಗಳ ಬಾಡಿಗೆ ಸಮೇತ ಬರೀರಿ. ಸಂಸ್ಥೆಯ ಸ್ವಂತ ಜಾಗ ಆದ್ರೆ ನಡುವಿನ ದಾರಿ ಹುಡುಕಿ. ರಸ್ತೆ ಕಡೆಯ ಹಳೇ ಕಟ್ಟಡ ಇರೋ ಭಾಗದಲ್ಲಿ ಕಡಿಮೆ ಎತ್ತರದ ಮನೆಗಳು ಬರ್ಲಿ, ಮೈದಾನದ ಭಾಗ ನಗರಸಭೆಗೆ ಬರ್ಲಿ, ಹಾಗೆ ಪುಕ್ಕಟೆ ಬಿಟ್ಟುಕೊಟ್ಟಿದ್ದಕ್ಕೆ ಸಂಸ್ಥೆಗೆ ಕಲಂ 14-ಬಿ ಪ್ರಕಾರ ಅಭಿವೃದ್ಧಿ ಹಕ್ಕು, ಅಂದ್ರೆ ಬಿಟ್ಟ ಜಾಗದ ಬದಲಿಗೆ ಹೆಚ್ಚುವರಿ ಕಟ್ಟೋ ಹಕ್ಕು, ಜನ ಟಿಡಿಆರ್ ಅಂತಾರಲ್ಲ ಅದು, ಕೊಡೋಕೆ ಸಾಧ್ಯ ಇದ್ಯಾ ಅಂತ ಪ್ರಾಧಿಕಾರವನ್ನ ಕೇಳಿ. ನನ್ನ ಅಭಿಪ್ರಾಯ ಕೇಳಿದ್ರೆ ಖರೀದಿ ಜಾಗದ ಕೇಸಲ್ಲಿ ಇದೇ ಒಳ್ಳೇ ಫಲ, ಕೋರ್ಟಲ್ಲಿ ವರ್ಷಾನುಗಟ್ಲೆ ಎಳೆದಾಡಿದ್ರೆ ಆ ಹೊತ್ತಿಗೆ ಹೆಂಚು ಬಿದ್ದು, ಗೋಡೆ ಕುಸಿದು, ಹಾವು ಹುಳ ಸೇರ್ಕೊಂಡು "ಹೇಗೂ ಹಾಳು ಬಿದ್ದಿದೆ" ಅನ್ನೋದೇ ಬಿಲ್ಡರ್ ಪರ ವಾದ ಆಗತ್ತೆ. ಈಗಿಂದ್ಲೇ ಸಂಸ್ಥೆಯೋರ ಹತ್ರ ಕೂತು ಮಾತಾಡಿ, ಅವರೂ ನಿಮ್ಮೂರಿನೋರೇ, ಹಳೇ ಸಾಲ, ಸಿಬ್ಬಂದಿ ಬಾಕಿ ಅಂತ ಏನಾದ್ರೂ ಒತ್ತಡ ಇರಬಹುದು.

ಇದರ ನಡುವೆ ಆರ್‌ಟಿಐ ಹಾಕಿಬಿಡಿ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡ್ಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಅದಕ್ಕೆ ಎಲ್ಲ ಒಂದರಲ್ಲೇ ತುಂಬಬೇಡಿ. ಪ್ರಾಧಿಕಾರಕ್ಕೆ ಒಂದು, ಬದಲಾವಣೆ ಅರ್ಜಿಯ ಪೂರ್ತಿ ಫೈಲಿನ ನಕಲು ಮತ್ತೆ ಸಭಾ ನಡಾವಳಿ ಕೇಳಿ. ತಹಶೀಲ್ದಾರರಿಗೆ ಒಂದು, ಮಂಜೂರಿ ದಾಖಲೆ ಕೇಳಿ. ಕಾರವಾರ ಶೈಕ್ಷಣಿಕ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರ, ಅಂದ್ರೆ ಡಿಡಿಪಿಐ ಆಫೀಸಿಗೆ ಒಂದು, ಶಾಲೆ ಮುಚ್ಚಿದ ಆದೇಶ, ಕಟ್ಟಡಕ್ಕೆ ಸರ್ಕಾರದ ಅನುದಾನ ಬಂದಿತ್ತಾ, ಆಸ್ತಿ ವಿಲೇವಾರಿಗೆ ಇಲಾಖೆ ಅನುಮತಿ ಕೊಟ್ಟಿದ್ಯಾ ಅಂತ ಕೇಳಿ. ಸರ್ಕಾರದ ದುಡ್ಡಲ್ಲಿ ಕೊಠಡಿ ಕಟ್ಟಿದ್ದು ಗೊತ್ತಾದ್ರೆ ಅದೂ ಆಕ್ಷೇಪಣೆಗೆ ಸೇರತ್ತೆ. ಆದ್ರೆ ಆರ್‌ಟಿಐ ಉತ್ತರ ಬರ್ಲಿ ಅಂತ ಕಾಯ್ತಾ ಆಕ್ಷೇಪಣೆ ಗಡುವು ಕಳ್ಕೊಂಡ್ರೆ ಕಷ್ಟ, ಈಗ ಇರೋ ಮಾಹಿತಿಯಲ್ಲೇ ಆಕ್ಷೇಪಣೆ ಹಾಕಿ, "ದಾಖಲೆ ಬಂದ ನಂತರ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿದ್ದೇವೆ, ನಮ್ಮನ್ನು ಖುದ್ದಾಗಿ ಕೇಳಬೇಕು" ಅಂತ ಕೊನೆಯಲ್ಲಿ ಒಂದು ಸಾಲು ಹಾಕಿ.

ಪ್ರಾಧಿಕಾರದ ಸಭೆಯಲ್ಲಿ ಠರಾವಾದ್ರೂ ಅದು ಕೊನೆ ಅಲ್ಲ, ಫೈಲು ಬೆಂಗಳೂರಿಗೆ, ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ ಅಭಿಪ್ರಾಯಕ್ಕೆ, ಅಲ್ಲಿಂದ ನಗರಾಭಿವೃದ್ಧಿ ಇಲಾಖೆಗೆ ಹೋಗ್ಬೇಕು, ಎರಡೂ ಕಡೆ ನಿಮ್ಮ ಆಕ್ಷೇಪಣೆಯ ಪ್ರತಿ ಕಳಿಸಿ. ಸರ್ಕಾರ ಒಪ್ಪಿಗೆ ಕೊಟ್ಟೇಬಿಟ್ರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್, ಅಲ್ಲಿ ಕೇಳೋ ಮೊದಲ ಪ್ರಶ್ನೆಗಳಲ್ಲಿ ನೀವು ಗಡುವಿನೊಳಗೆ ಆಕ್ಷೇಪಣೆ ಕೊಟ್ಟಿದ್ರಾ, ಅದಕ್ಕೆ ಅವರು ಕಾರಣ ಕೊಟ್ಟು ಉತ್ತರಿಸಿದ್ರಾ ಅನ್ನೋದು ಇದ್ದೇ ಇರತ್ತೆ. ಫ್ಲಾಟ್ ಬುಕಿಂಗ್ ಶುರುವಾಗಿದೆ ಅಂತ ಕಿವಿಗೆ ಬಿದ್ರೆ ಕಟ್ಟಡ ಯೋಜನೆಗಳನ್ನ ನಿಯಂತ್ರಿಸೋ ಪ್ರಾಧಿಕಾರ ರೇರಾದ ಸೈಟಲ್ಲಿ ನೋಡಿ, 500 ಚದರ ಮೀಟರ್ ಜಾಗ ಅಥವಾ ಎಂಟು ಮನೆ ಮೀರಿದ ಯೋಜನೆ ನೋಂದಣಿ ಇಲ್ದೆ ಜಾಹೀರಾತು ಹಾಕೋ ಹಾಗೂ ಇಲ್ಲ, ಮುಂಗಡ ತಗೊಳ್ಳೋ ಹಾಗೂ ಇಲ್ಲ. ಮೈದಾನದ ಸುತ್ತ ಹಳೇ ಮರ ಇದ್ರೆ ಅವುಗಳ ಫೋಟೋ ಇವತ್ತೇ ತೆಗ್ದಿಡಿ, ಕಡಿಯೋಕೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿ ಅನುಮತಿ ಬೇಕು, ಜಾಗದ ಸ್ವರೂಪ ಬದಲಾಯಿಸೋರು ಬಹಳ ಸಲ ಆದೇಶಕ್ಕೂ ಮುಂಚೆ ಕೈ ಹಾಕೋದು ಮರಕ್ಕೇ.

ಕೈಬರಹದ ಪಹಣಿ ಅಥವಾ ಸನದಿನ ನಕಲು ಸಿಕ್ಕ ಕೂಡ್ಲೇ ಇದೇ ಅಂಕಣಕ್ಕೆ ಕಳಿಸಿ ಅಕ್ಕೋರೆ, ಮೋಡಿಯಲ್ಲಿದ್ರೂ ಪರವಾಗಿಲ್ಲ, ಓದಿಸಿ ಷರತ್ತು ಏನು ಹೇಳತ್ತೆ ಅಂತ ಬರೀತೀನಿ.